ತಾನಾಗಿ ತಗ್ಗದ ದೀಪ

ನಮ್ಮ ಶೋರೂಮಿನಲ್ಲಿ ಕಾರು ಕೊಂಡವರು ಅದನ್ನು ಓಡಿಸಿಕೊಂಡು ಹೊರಗೆ ಹೋಗಬೇಕಾದರೆ ದೀಪದಕ್ಕನನ್ನು ದಾಟಿಕೊಂಡೇ ಹೋಗಬೇಕಿತ್ತು. ದಾಟುವುದು ಸುಲಭವಿರಲಿಲ್ಲ. ಹೊಸ ಕಾರನ್ನು ಒಪ್ಪಿಸುವ ಮುಂಚೆ ಅದರ ಗುಂಡಿ, ಕಡ್ಡಿ, ಪರದೆಗಳನ್ನೆಲ್ಲ ಕೊಂಡವರಿಗೆ ವಿವರಿಸುವುದು ಅವರ ಕೆಲಸ. ಬೇರೆಯವರು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕೈಕುಲುಕಿ ಕಳಿಸುತ್ತಿದ್ದುದನ್ನು ಇವರು ಒಂದೂವರೆ ಗಂಟೆ ಮಾಡುತ್ತಿದ್ದರು. ಎಲ್ಲ ಹೇಳಿ ಮುಗಿಸಿದ ಮೇಲೆ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು, "ಈಗ ನೀವು ನನಗೆ ಹೇಳಿ. ನಾನು ಕಾರನ್ನೇ ಕಂಡಿಲ್ಲ ಅಂತ ತಿಳ್ಕೊಳ್ಳಿ," ಎನ್ನುತ್ತಿದ್ದರು. ಒಬ್ಬ ಹಲ್ಲಿನ ಡಾಕ್ಟರು ವೈಪರಿನ ಗುಂಡಿಯನ್ನು ಮೂರು ಸಲ ತಪ್ಪು ತೋರಿಸಿ, ಹಣೆ ಒರೆಸಿಕೊಂಡು, "ನಮ್ಮ ಕಾಲೇಜಲ್ಲೂ ಇಷ್ಟು ಗೋಳು ಹುಯ್ಕೊಂಡಿರಲಿಲ್ಲಮ್ಮ," ಎಂದಿದ್ದರು. ಆದರೂ ನಾಲ್ಕನೆಯ ಸಲ ಸರಿಯಾಗಿ ತೋರಿಸಿದ ಮೇಲೆಯೇ ಅವರಿಗೆ ಕೀ ಸಿಕ್ಕಿದ್ದು.

ನಾನು ಅದೇ ಶೋರೂಮಿನ ಮೂಲೆಯ ಕೌಂಟರಿನಲ್ಲಿ ಮ್ಯಾಟು, ಸೀಟ್ ಕವರು ಮಾರುವವನು. ನನ್ನನ್ನು ಎಲ್ಲರೂ ಮ್ಯಾಟು ಎಂದೇ ಕರೆಯುತ್ತಾರೆ. ಬೇಜಾರಿಲ್ಲ. ಕೆಲಸ ಕಡಿಮೆ, ಕುರ್ಚಿ ಮೆತ್ತಗಿದೆ, ಎದುರಿಗೆ ಇಡೀ ಶೋರೂಮು ಕಾಣುತ್ತದೆ. ಹಾಗಾಗಿ ದೀಪದಕ್ಕನ ಬಗ್ಗೆ ಹೇಳಲು ನನ್ನಷ್ಟು ಅರ್ಹತೆ ಇರುವವನು ಇನ್ನೊಬ್ಬನಿಲ್ಲ.

ಅವರಿಗೆ ಆ ಹೆಸರು ಬಂದದ್ದು ಒಂದು ಗೋಡೆಯಿಂದ. ನೆಲಮಾಳಿಗೆಯ ಪಾರ್ಕಿಂಗಿನ ತುದಿಯಲ್ಲಿ ಬಿಳಿ ಗೋಡೆಯಿದೆ. ಪ್ರತಿ ಕಾರನ್ನೂ ಅದರ ಮುಂದೆ ನಿಲ್ಲಿಸಿ, ಟ್ಯೂಬ್‌ಲೈಟು ಆರಿಸಿ, ಕೊಂಡವರ ಕೈಯಿಂದಲೇ ಹೆಡ್‌ಲೈಟು ಹಾಕಿಸುತ್ತಿದ್ದರು. "ಇದು ಲೋ ಬೀಮ್, ಹತ್ತಿರದ ರಸ್ತೆ ಕಾಣೋಕೆ. ಇದು ಹೈ ಬೀಮ್, ದೂರ ಕಾಣೋಕೆ. ಎದುರಿಗೆ ಗಾಡಿ ಬಂದ್ರೆ ಹೈ ಬೀಮ್ ಇರಕೂಡದು. ಪಾಪ, ಅವರಿಗೂ ಮನೆ ಸೇರಬೇಕು ಅಂತ ಇರುತ್ತೆ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಬಲ್ಲೆ.

ಇಲ್ಲಿಗೆ ಬರುವ ಮುಂಚೆ ಹನ್ನೆರಡು ವರ್ಷ ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದರು. ಅಲ್ಲಿ ಒಬ್ಬ ಶಿಷ್ಯ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ತಲೆಯಾಡಿಸಿ, ಕೊನೆಗೆ ಸ್ಕೂಲಿನ ಬೋರ್ಡಿಗೇ ಕಾರು ಗುದ್ದಿದನಂತೆ. ಅವತ್ತಿನಿಂದ ತಲೆಯಾಡಿಸುವವರ ಮೇಲೆ ಅವರಿಗೆ ನಂಬಿಕೆ ಹೋಯಿತು. ಬಾಯಿಬಿಟ್ಟು ಹೇಳಲಿ, ಕೈಯಿಂದ ಮಾಡಲಿ, ಆಮೇಲೆ ನೋಡೋಣ ಎನ್ನುವ ಜಾತಿ. ಅವರ ಯಜಮಾನರು ದರ್ಜಿ. ಗಿರಾಕಿಗಳ ಹೊಸ ಕಾರು ಕೊಳೆಯಾಗಬಾರದೆಂದು ಹೆಂಡತಿಯ ಚಪ್ಪಲಿಗೆ ಬಟ್ಟೆಯ ಗವುಸು ಹೊಲಿದುಕೊಟ್ಟಿದ್ದರು. ಅವು ಒಂದೊಂದು ದಿನ ಒಂದೊಂದು ಬಣ್ಣ, ಯಾರದೋ ಪ್ಯಾಂಟಿನ, ಯಾರದೋ ಪರದೆಯ ಉಳಿಕೆ ಬಟ್ಟೆ. ಮ್ಯಾಟು ಮಾರುವ ನನ್ನ ಹೊಟ್ಟೆಗೆ ಅದು ನೇರ ಹೊಡೆತ. ಆದರೂ ನೋಡಲು ಚೆನ್ನಾಗಿತ್ತು.

ಬ್ಯಾಟರಿ ಕಾರು ಬಂದಾಗ ನಮ್ಮಲ್ಲಿ ಅರ್ಧ ಜನ ಅದನ್ನು ಕಂಡು ದೂರ ಸರಿದರು. ಅಕ್ಕ ಮಾತ್ರ ಮೂರು ವಾರ ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಡೆಮೊ ಕಾರಿನೊಳಗೆ ಕೂತು, ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಲಿತರು. ಆಮೇಲೆ ನಮಗೆಲ್ಲ ಕಲಿಸಿದರು. ಕಾರಿನಲ್ಲಿ ಪಲ್ಯದ ವಾಸನೆ ಹೋಗುತ್ತಿಲ್ಲವೆಂದು ಸೇಲ್ಸಿನವರು ಗೊಣಗಿದ್ದು ಬಿಟ್ಟರೆ ಎಲ್ಲ ಸುಸೂತ್ರವಾಗಿತ್ತು.

ಆ ಕಾರು ಮೂರು ಬಗೆಯಲ್ಲಿ ಬರುತ್ತದೆ. ಬೇಸ್, ಮಿಡ್, ಟಾಪ್. ಹೊರಗಿನಿಂದ ನೋಡಿದರೆ ಮೂರೂ ಅಕ್ಕತಂಗಿಯರು. ಒಳಗಿನ ಸೌಕರ್ಯದಲ್ಲಿ ವ್ಯತ್ಯಾಸ. ಶೋರೂಮಿನಲ್ಲಿ ಓಡಿಸಿ ತೋರಿಸಲು ಇಟ್ಟ ಡೆಮೊ ಕಾರು ಟಾಪ್. ಎಲ್ಲ ಕಡೆ ಹಾಗೇ, ಚೆಂದದ್ದನ್ನೇ ಅಲ್ಲವೇ ತೋರಿಸುವುದು. ಟಾಪ್ ಕಾರಿನ ಹೆಡ್‌ಲೈಟು ಬಹಳ ಮರ್ಯಾದಸ್ಥ. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಆಟೋದಲ್ಲಿಟ್ಟು ಒಂದು ಸಲ ಮುಂದಕ್ಕೆ ತಳ್ಳಿದರೆ ಮುಗಿಯಿತು. ರಸ್ತೆ ಖಾಲಿಯಿದ್ದರೆ ಹೈ ಬೀಮ್ ತಾನೇ ಹೊತ್ತಿಕೊಳ್ಳುತ್ತದೆ. ಎದುರಿಗೆ ಗಾಡಿ ಬಂದರೆ ಆ ಗಾಡಿಯಿರುವಷ್ಟು ಜಾಗವನ್ನು ಮಾತ್ರ ಕತ್ತಲು ಮಾಡಿ, ಅಕ್ಕಪಕ್ಕದ ರಸ್ತೆಯನ್ನು ಬೆಳಗುತ್ತಲೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಭಾರ ಹೆಚ್ಚಾಗಿ ಕಾರಿನ ಮೂತಿ ಮೇಲೆದ್ದರೂ ದೀಪ ತಾನಾಗಿ ತಗ್ಗುತ್ತದೆ. ನಾವೆಲ್ಲ ಕಲಿತದ್ದು ಇದೇ ಕಾರಿನಲ್ಲಿ.

ಬೇಸ್ ಕಾರಿನ ಕಡ್ಡಿಯಲ್ಲಿ ಆಟೋ ಎಂಬುದೇ ಇಲ್ಲ. ಮಿಡ್ ಕಾರಿನ ಕಡ್ಡಿ ಮಾತ್ರ ಥೇಟ್ ಟಾಪಿನ ಹಾಗೇ ಇದೆ. ಅದರ ಮೇಲೂ ಆಟೋ ಎಂದು ಬರೆದಿದೆ. ಆದರೆ ಆ ಆಟೋಗೆ ಗೊತ್ತಿರುವುದು ಕತ್ತಲಾದಾಗ ದೀಪ ಹಾಕುವುದು, ಬೆಳಕಾದಾಗ ಆರಿಸುವುದು, ಅಷ್ಟೇ. ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಹೈ ಬೀಮ್ ಹತ್ತುತ್ತದೆ, ನಾವು ಹಿಂದಕ್ಕೆ ಎಳೆಯುವವರೆಗೂ ಉರಿಯುತ್ತದೆ. ಇದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೆಲಮಾಳಿಗೆಯ ಗೋಡೆಯೂ ಹೇಳಲಿಲ್ಲ. ಟಾಪ್ ಕಾರಿನ ಆ ಜಾಣತನ ಕಾರು ಓಡುವಾಗ ಮಾತ್ರ. ನಿಂತ ಕಾರಿನಲ್ಲಿ, ಬರೀ ಗೋಡೆಯ ಮುಂದೆ, ಎರಡೂ ಒಂದೇ ಥರ ಕಾಣುತ್ತವೆ.

ಇಂಥ ಸಮಯದಲ್ಲಿ ನರ್ಸಮ್ಮ ಬಂದರು. ಬಸುರಿ ಬಾಣಂತಿಯರ ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಅವರದು. ಊರಾಚೆಯ ಬೀದಿದೀಪವಿಲ್ಲದ ರಸ್ತೆಗಳಲ್ಲಿ ಓಡಾಟ. ಕರೆ ಬಂದರೆ ಹೊತ್ತು ಗೊತ್ತು ಇಲ್ಲ. "ನನಗೆ ಸೀಟು ಬಿಸಿ ಆಗೋದು, ಹಾಡು ಕೇಳೋದು ಏನೂ ಬೇಡ. ದೀಪ ಚೆನ್ನಾಗಿರಬೇಕು. ಟಾಪ್ ತಗೊಳ್ಳಲಾ, ಮಿಡ್ ಸಾಕಾ?" ಎಂದು ಅಕ್ಕನನ್ನೇ ಕೇಳಿದರು.

"ದೀಪ ಎರಡರಲ್ಲೂ ಒಂದೇ. ಮಿಡ್ ಸಾಕು," ಎಂದರು ಅಕ್ಕ. ನಾನು ಅಲ್ಲೇ ಇದ್ದೆ, ಹೌದೌದು ಎಂದೆ.

ಒಪ್ಪಿಸುವ ದಿನ ಎಂದಿನಂತೆ ಗೋಡೆಯ ಮುಂದೆ ಪಾಠ ನಡೆಯಿತು. ಎಂದಿನಂತೆ ಅಕ್ಕ ಪಾಠ ಒಪ್ಪಿಸಲು ಹೇಳಿದರು. ನರ್ಸಮ್ಮ ಚೂಟಿ ಹೆಂಗಸು, ಮೊದಲ ಸಲಕ್ಕೇ ಒಪ್ಪಿಸಿದರು. "ಆಟೋದಲ್ಲಿಡಬೇಕು. ಒಂದು ಸಲ ಮುಂದಕ್ಕೆ ತಳ್ಳಬೇಕು. ಆಮೇಲೆ ಕೈ ಹಚ್ಚಬಾರದು." ಅಕ್ಕ ಬೆನ್ನು ತಟ್ಟಿ ಕಳಿಸಿದರು. ಬೇರೆ ಯಾರಾದರೂ ಹೇಳಿಕೊಟ್ಟಿದ್ದರೆ ಆ ತಪ್ಪು ಒಂದು ವಾರದಲ್ಲಿ ಮರೆತುಹೋಗುತ್ತಿತ್ತು. ಅಕ್ಕ ಹೇಳಿಕೊಟ್ಟಿದ್ದರಿಂದ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು.

ಆರು ವಾರ ನರ್ಸಮ್ಮ ಊರಿನ ಕಣ್ಣು ಕುಕ್ಕುತ್ತ ಓಡಾಡಿದರು. ಎದುರಿಗೆ ಬಂದವರೆಲ್ಲ ಲೈಟು ಮಿಟುಕಿಸುತ್ತಿದ್ದರು. ಊರಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ತಂದ ಕೈ ಅವರದು, ಜನ ಗುರುತು ಹಿಡಿದು ನಮಸ್ಕಾರ ಹೇಳುತ್ತಿದ್ದಾರೆಂದು ಅವರು ತಿಳಿದರು. ನಗುತ್ತ ಕೈಬೀಸುತ್ತಿದ್ದರು. ಹೊಸ ಕಾರು ಬಂದ ಮೇಲೆ ಜನರಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಮನೆಯಲ್ಲೂ ಹೇಳಿಕೊಂಡಿದ್ದರಂತೆ.

ಒಂದು ಮಂಗಳವಾರ ನಸುಕಿನಲ್ಲಿ, ತಿರುವಿನಲ್ಲಿ ಎದುರಾದ ಬೇಕರಿಯ ಬ್ರೆಡ್ ವ್ಯಾನು ಕಣ್ಣು ಕಾಣದೆ ರಸ್ತೆ ಬಿಟ್ಟು ಪೊದೆಗೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಬ್ರೆಡ್ಡುಗಳು ಮಾತ್ರ ಚೆಲ್ಲಾಪಿಲ್ಲಿಯಾದವು. ಡ್ರೈವರು ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಮೇಲೆ ಬಂದು ನೋಡಿದರೆ, ತನ್ನ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ ನರ್ಸಮ್ಮ. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

"ಏನಮ್ಮ, ಒಂದು ತಿಂಗಳಿಂದ ಡಿಮ್ ಮಾಡಿ ಅಂತ ಲೈಟ್ ಹೊಡೀತಾ ಇದೀನಿ. ನೀವು ನೋಡಿದ್ರೆ ಟಾಟಾ ಮಾಡ್ಕೊಂಡು ಹೋಗ್ತೀರಲ್ಲ," ಎಂದನಂತೆ.

ನರ್ಸಮ್ಮ ಅಂದೇ ಬೆಳಿಗ್ಗೆ ಶೋರೂಮಿಗೆ ಬಂದರು. ಕೂಗಾಡಲಿಲ್ಲ. ಅಕ್ಕನ ಎದುರು ಕೂತು, ಪಾಠ ಒಪ್ಪಿಸುವ ಹುಡುಗಿಯ ಹಾಗೆ, "ನೀವು ಹೇಳಿದ್ದು ಇದೇ ತಾನೇ?" ಎಂದು ಆ ಮೂರು ಸಾಲನ್ನು ಚಾಚೂ ತಪ್ಪದೆ ಹೇಳಿದರು. ಅಕ್ಕ ಹೌದು ಎಂದರು. "ಹಂಗಾದ್ರೆ ದೀಪ ಯಾಕೆ ತಗ್ಗಲ್ಲ?" "ಗೊತ್ತಿಲ್ಲ. ಸಂಜೆ ಓಡಿಸಿ ನೋಡೋಣ," ಎಂದರು ಅಕ್ಕ. ಹದಿನಾಲ್ಕು ವರ್ಷದಲ್ಲಿ ಅವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಅಂದು ಮುಸ್ಸಂಜೆ ಶೋರೂಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಪರೀಕ್ಷೆ ನಡೆಯಿತು. ಒಂದು ತುದಿಯಿಂದ ನರ್ಸಮ್ಮನ ಕಾರಿನಲ್ಲಿ ಅಕ್ಕ, ಪಕ್ಕದಲ್ಲಿ ನರ್ಸಮ್ಮ. ಇನ್ನೊಂದು ತುದಿಯಿಂದ ಡೆಮೊ ಕಾರಿನಲ್ಲಿ ನಾನು. ಎದುರಾದಾಗ ನನ್ನ ಕಾರಿನ ದೀಪ ಅವರ ಮುಖವನ್ನು ನಯವಾಗಿ ಬಿಟ್ಟುಕೊಟ್ಟು ಎರಡೂ ಬದಿಗೆ ಸರಿಯಿತು. ಅವರ ದೀಪ ನೇರ ನನ್ನ ಕಣ್ಣಿಗೆ ಬಂದು ಕೂತಿತು. ಬ್ರೆಡ್ ವ್ಯಾನಿನವನ ಕಷ್ಟ ನನಗೆ ಆಗ ಅರ್ಥವಾಯಿತು. ಕಾರನ್ನು ಅಂಚಿಗೆ ನಿಲ್ಲಿಸಿ ಇಳಿದಾಗಲೂ ಕಣ್ಣ ಮುಂದೆ ಹಸಿರು ಚುಕ್ಕೆಗಳು ಕುಣಿಯುತ್ತಿದ್ದವು.

ಅಕ್ಕ ಅಲ್ಲೇ ಬಾನೆಟ್ ಮೇಲೆ ಆ ದಪ್ಪ ಪುಸ್ತಕ ಬಿಚ್ಚಿದರು. ದೀಪದ ಅಧ್ಯಾಯದಲ್ಲಿ ಹೈ ಬೀಮ್ ತಾನಾಗಿ ತಗ್ಗುವ ಸಾಲಿನ ಕೊನೆಗೆ ಒಂದು ಪುಟ್ಟ ನಕ್ಷತ್ರದ ಗುರುತಿತ್ತು. ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಈ ಸೌಲಭ್ಯ ಟಾಪ್ ಮಾದರಿಯಲ್ಲಿ ಮಾತ್ರ ಎಂದು ಬರೆದಿತ್ತು.

"ಈ ನಕ್ಷತ್ರ ನೋಡಿದ್ದೆ ಕಣೋ ತಮ್ಮ. ಅಂದಕ್ಕೆ ಹಾಕಿದಾರೆ ಅಂದ್ಕೊಂಡಿದ್ದೆ," ಎಂದರು.

ಆಗ ನನಗೂ ಒಂದು ವಿಷಯ ಹೊಳೆಯಿತು. ಮಿಡ್ ಕಾರಿನಲ್ಲಿ ಸ್ಟೇರಿಂಗಿನ ಎಡಕ್ಕೆ, ಕೆಳಗೆ, ಸೊನ್ನೆಯಿಂದ ಮೂರರವರೆಗೆ ಅಂಕಿಯಿರುವ ಸಣ್ಣ ಚಕ್ರವೊಂದಿದೆ. ಡೆಮೊ ಕಾರಿನಲ್ಲಿ ಅದಿಲ್ಲ. ಇಬ್ಬರು ಗಿರಾಕಿಗಳು ಅದೇನೆಂದು ಕೇಳಿದ್ದಾಗ ನಾನು, ಮ್ಯಾಟು ಹಾಸುತ್ತ ಹಾಸುತ್ತ, ಗಾಳಿ ಜೋರು ಮಾಡುವುದು ಎಂದಿದ್ದೆ. ಅದು ಹಿಂದೆ ಭಾರವಿದ್ದಾಗ ದೀಪವನ್ನು ಕೈಯಿಂದ ತಗ್ಗಿಸುವ ಚಕ್ರ. ಆ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಒಬ್ಬರು ಮರ್ಯಾದೆ ಕಳೆದುಕೊಳ್ಳುತ್ತಿರುವಾಗ ಜೊತೆಗೆ ಇನ್ನೊಬ್ಬರು ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಎಲ್ಲ ಶಾಖೆಗಳಲ್ಲಿ ಕಾರು ಒಪ್ಪಿಸುವವರಿಗೆ ತರಬೇತಿ ಕೊಡುವ ಹುದ್ದೆಯೊಂದು ಮುಖ್ಯ ಕಚೇರಿಯಲ್ಲಿತ್ತು. ಅಕ್ಕನಿಗೆ ಅದರ ಮೇಲೆ ಬಹಳ ವರ್ಷದ ಆಸೆ. ಎರಡು ಸಲ ಕೇಳಿದ್ದರು, ಎರಡು ಸಲವೂ ನಿಧಾನದ ಹೆಂಗಸು ಎಂದು ಕೈಬಿಟ್ಟಿದ್ದರು. ಈ ಸಲ ಅದೇ ಶುಕ್ರವಾರ ಅಲ್ಲಿಂದ ಒಬ್ಬರು ಮೇಡಂ ಬಂದು ಅಕ್ಕನ ಕೆಲಸವನ್ನು ಕಣ್ಣಾರೆ ನೋಡಿ ನಿರ್ಧರಿಸುವವರಿದ್ದರು. ಅಕ್ಕನ ಯಜಮಾನರು ಅದಕ್ಕಾಗಿ ನೀಲಿ ಬಣ್ಣದ ಹೊಸ ಗವುಸು ಹೊಲಿದಿಟ್ಟಿದ್ದರು.

ಬುಧವಾರ ಬೇಕರಿಯವರಿಂದ ಪತ್ರ ಬಂತು, ಅದರ ಒಂದು ಪ್ರತಿ ಮುಖ್ಯ ಕಚೇರಿಗೂ ಹೋಗಿತ್ತು. ತಪ್ಪು ದೀಪದ್ದೋ, ಓಡಿಸಿದವರದ್ದೋ, ಬರೆದು ತಿಳಿಸಿ. ನಮ್ಮ ಮ್ಯಾನೇಜರ್ ಅಕ್ಕನನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ನನ್ನ ಕುರ್ಚಿಯೂ ಹತ್ತಿರದಲ್ಲಿತ್ತು. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವವರು.

"ನೋಡಮ್ಮ, ನೀವು ಹೇಳಿರ್ತೀರಿ. ಅವರು ಕೇಳಿಸ್ಕೊಂಡಿರ್ತಾರೆ. ಮಧ್ಯದಲ್ಲಿ ಏನೋ ಹೆಚ್ಚು ಕಡಿಮೆ ಆಗಿರುತ್ತೆ. ಎಲ್ಲ ಅರ್ಥ ಆಯ್ತು ಅಂತ ಅವರು ಸಹಿ ಹಾಕಿದಾರಲ್ಲ. ಗಿರಾಕಿ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅಂತ ಎರಡು ಸಾಲು ಬರ್ಕೊಡಿ. ಶುಕ್ರವಾರದ ವಿಷಯ ನಿಮಗೆ ಗೊತ್ತೇ ಇದೆ."

ಅಕ್ಕ ಖಾಲಿ ಹಾಳೆ ಹಿಡಿದು ಹೊರಗೆ ಬಂದರು. ಅಷ್ಟರಲ್ಲಿ ನರ್ಸಮ್ಮನ ಫೋನು. ಬೇಕರಿಯವರು ಅವರನ್ನೂ ಕೇಳಿದ್ದರು. "ನನಗೆ ಕಾರು ಬದಲಾಯಿಸಿಕೊಡೋದೇನೂ ಬೇಡ. ಕೈ ಇದೆ, ಕಡ್ಡಿ ಎಳೀತೀನಿ. ಆದ್ರೆ ನಾನು ತಪ್ಪು ಕೇಳಿಸ್ಕೊಂಡೆ ಅಂತ ಮಾತ್ರ ಬರೀಬೇಡಿ ಅಕ್ಕ. ಡಾಕ್ಟ್ರು ಒಂದು ಹೇಳಿದ್ರೆ ಈಯಮ್ಮ ಇನ್ನೊಂದು ಕೇಳಿಸ್ಕೊಳ್ತಾಳೆ ಅಂತ ಊರಲ್ಲಿ ಮಾತು ಬಂದ್ರೆ, ನನ್ನನ್ನ ಯಾರು ಮನೆಗೆ ಕರೀತಾರೆ?"

ಆ ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಬಿಚ್ಚಲಿಲ್ಲ. ತಾವು ಕಾರು ಒಪ್ಪಿಸಿದವರ ಹೆಸರೆಲ್ಲ ಬರೆದಿಟ್ಟುಕೊಂಡ ನೋಟ್‌ಪುಸ್ತಕ ತೆಗೆದರು. ನರ್ಸಮ್ಮನನ್ನು ಬಿಟ್ಟು ಮಿಡ್ ಕಾರು ಕೊಂಡವರು ಹದಿನೇಳು ಜನ. ನನ್ನ ಕೌಂಟರಿನ ಹಿಂದೆ ಸೀಟ್ ಕವರಿನ ರಾಶಿಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದರು. ಪೀಠಿಕೆ ಇಲ್ಲ, ಸುತ್ತುಬಳಸು ಇಲ್ಲ. "ನಾನು ನಿಮಗೆ ದೀಪದ ವಿಷಯ ತಪ್ಪು ಹೇಳಿಕೊಟ್ಟಿದೀನಿ. ಸರಿಯಾದ್ದು ಹೇಳ್ತೀನಿ, ಬರ್ಕೊಳ್ಳಿ."

ಹದಿನೇಳು ಜನ, ಹದಿನೇಳು ಥರ. ಆ ಹಲ್ಲಿನ ಡಾಕ್ಟರು, ತಮ್ಮದು ಟಾಪ್ ಅಲ್ಲವೆಂಬುದೇ ತಮಗೆ ಈಗ ಗೊತ್ತಾಯಿತು ಎಂದರು. ಒಬ್ಬ ನಿವೃತ್ತ ಮೇಷ್ಟ್ರು ನಲವತ್ತು ನಿಮಿಷ ಕ್ಲಾಸು ತೆಗೆದುಕೊಂಡರು. ಅಕ್ಕ ನಡುವೆ ನಡುವೆ ಹೌದು ಸರ್ ಎನ್ನುತ್ತ ಕೂತಿದ್ದರು. ಒಬ್ಬಾಕೆ, ಎದುರಿನವರು ಲೈಟು ಹೊಡೆದಾಗಲೆಲ್ಲ ತನ್ನ ಗಂಡನೂ ಲೈಟು ಹೊಡೆದು ಬೈಯುತ್ತಾನೆಂದೂ, ಇನ್ನು ಅವನ ಬಾಯಿ ಮುಚ್ಚಿಸಲು ತನಗೊಂದು ಆಧಾರ ಸಿಕ್ಕಿತೆಂದೂ ಸಂತೋಷಪಟ್ಟಳು. ಗುರುವಾರ ಸಂಜೆಯ ಹೊತ್ತಿಗೆ ಹದಿನೇಳು ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು.

ಅದನ್ನು ನೋಡುತ್ತ ಕೂತವನಿಗೆ ನಾಚಿಕೆಯಾಯಿತು. ಅಕ್ಕ ಮನೆಗೆ ಹೋದ ಮೇಲೆ ನಾನೂ ಫೋನು ತೆಗೆದು ನನ್ನ ಗಾಳಿಚಕ್ರದ ಇಬ್ಬರಿಗೆ ನಿಜ ಹೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು, ಅದನ್ನು ಮೂರಕ್ಕೆ ತಿರುಗಿಸಿಟ್ಟ ಮೇಲೆ ಗಾಳಿ ನಿಜವಾಗಿಯೂ ತಂಪಾಗಿದೆ ಎಂದು ವಾದ ಮಾಡಿದರು. ಅವರನ್ನು ಒಪ್ಪಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

ಶುಕ್ರವಾರ ಮೇಡಂ ಬಂದರು. ಕನ್ನಡಕ, ಬಿಗಿದ ತುಟಿ, ಕೈಯಲ್ಲಿ ಫೈಲು. ಅಂದು ಕಾರು ತೆಗೆದುಕೊಳ್ಳುವವರು ಗಂಡ ಹೆಂಡತಿ, ಅವರದೂ ಮಿಡ್. ಅಕ್ಕ ನೀಲಿ ಗವುಸು ಹಾಕಿಕೊಂಡು, ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ, ಕಡ್ಡಿ ತೋರಿಸಿ ಹೇಳಿದರು. "ಇದರ ಮೇಲೆ ಆಟೋ ಅಂತ ಬರೆದಿದೆ. ಇದು ಪೂರ್ತಿ ಆಟೋ ಅಲ್ಲ. ಎದುರಿಗೆ ಗಾಡಿ ಬಂದ್ರೆ ನೀವೇ ಎಳೀಬೇಕು. ಹೋದ ವಾರದ ತನಕ ನಾನೇ ಇದನ್ನ ತಪ್ಪಾಗಿ ಹೇಳ್ಕೊಡ್ತಿದ್ದೆ, ಹದಿನೆಂಟು ಜನಕ್ಕೆ. ಅದಕ್ಕೆ ನೀವು ಎರಡು ಸಲ ಹೇಳಿ ತೋರಿಸಬೇಕು."

ಮ್ಯಾನೇಜರ್ ಹಿಂದಿನಿಂದ ಅಕ್ಕನಿಗೆ ಸಾಕು ಎಂದು ಕೈಸನ್ನೆ ಮಾಡಿದರು. ಮೇಡಂ ಬರೆದುಕೊಂಡರು. ಗಂಡ ಹೆಂಡತಿ ಎರಡು ಸಲ ಹೇಳಿ ತೋರಿಸಿ, ಕೀ ತೆಗೆದುಕೊಂಡು, ಹಿಗ್ಗಿನಿಂದ ಹೋದರು.

ಮೇಲೆ ಬಂದ ಮೇಲೆ ಮೇಡಂ ಬೇಕರಿಯ ಪತ್ರಕ್ಕೆ ಕೊಟ್ಟ ಉತ್ತರ ಎಲ್ಲಿ ಎಂದು ಕೇಳಿದರು. ಅಕ್ಕ ಮಡಿಸಿದ ಹಾಳೆ ಕೊಟ್ಟರು. ಮ್ಯಾನೇಜರ್ ಕೇಳಿದ್ದ ಎರಡೇ ಸಾಲು ಅದರಲ್ಲಿತ್ತು. ಗಿರಾಕಿ ಸರಿಯಾಗಿಯೇ ಕೇಳಿಸಿಕೊಂಡರು. ನಾನು ಸರಿಯಾಗಿ ಹೇಳಲಿಲ್ಲ. ಕೆಳಗೆ ಅಕ್ಕನ ಸಹಿ.

"ಮೇಡಂ, ಹದಿನಾಲ್ಕು ವರ್ಷದಲ್ಲಿ ಇವರು ಒಂದು ತಪ್ಪೂ ಮಾಡಿರಲಿಲ್ಲ. ಆದರೂ ಈ ಹುದ್ದೆಗೆ ತಪ್ಪೇ ಮಾಡದವರು ಬೇಕು ಅಂತಿದ್ರೆ…" ಎಂದು ಮ್ಯಾನೇಜರ್ ಎಳೆದರು.

"ಅಂಥವರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ," ಎಂದರು ಮೇಡಂ. "ಯಾವ ಶಾಖೆಗೆ ಹೋದ್ರೂ ಅವರೇ ಸಿಗೋದು." ಹಾಳೆಯನ್ನು ಫೈಲಿಗೆ ಸೇರಿಸಿ ಹೊರಟರು. ಅವರು ನಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಕ್ಕನಿಗೆ ಮಾತ್ರ ಆಸೆ ಬಿಟ್ಟುಹೋಗಿತ್ತು. ನೀಲಿ ಗವುಸು ಬಿಚ್ಚಿ, ಮಡಿಸಿ, ಚೀಲದ ತಳಕ್ಕೆ ಹಾಕಿದರು. ಎರಡು ದಿನ ನಾನು ಅವರೊಂದಿಗೆ ತಮಾಷೆಯನ್ನೇ ಮಾಡಲಿಲ್ಲ, ಮನಸ್ಸು ಬರಲಿಲ್ಲ.

ಹತ್ತು ದಿನದ ಮೇಲೆ ಆದೇಶ ಬಂತು. ಹುದ್ದೆ ಅಕ್ಕನದೇ. ಮೊದಲ ತರಬೇತಿ ನಮ್ಮ ನೆಲಮಾಳಿಗೆಯಲ್ಲೇ ಆಗಬೇಕೆಂದು ಅವರು ಹಟ ಹಿಡಿದರು. ಬೇಸ್, ಮಿಡ್, ಟಾಪ್, ಮೂರೂ ಕಾರು ಸಾಲಾಗಿ ನಿಲ್ಲಿಸದೆ ಬಾಯಿ ಬಿಡುವುದಿಲ್ಲ ಎಂದರು. ಎಲ್ಲ ಶಾಖೆಗಳಿಂದ ನಲವತ್ತು ಜನ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಹೇಳಿದ್ದಕ್ಕೆಲ್ಲ ತಲೆಯಾಡಿಸಲು ಸಿದ್ಧವಾಗಿ ಕೂತ ಮುಖಗಳು. ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂತೆ.

ಅಕ್ಕ ಮಿಡ್ ಕಾರಿನ ಕಡ್ಡಿ ತೋರಿಸಿದರು. ಪುಸ್ತಕದ ನಕ್ಷತ್ರ ತೋರಿಸಿದರು. ಆಮೇಲೆ ಕೇಳಿದರು. "ನಾನು ಇದನ್ನ ತಪ್ಪು ಹೇಳಿ ಕಳಿಸಿದವಳು. ನಿಮ್ಮಲ್ಲಿ ಯಾರ್ಯಾರು ಕಳಿಸಿದೀರಿ? ಬೈಯೋಕಲ್ಲ. ಅವರಿಗೆಲ್ಲ ಇವತ್ತು ಫೋನ್ ಮಾಡಬೇಕು, ಅದಕ್ಕೆ."

ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎರಡನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು. ಮೂಲೆಯಲ್ಲಿ ಮೂರು. ನೋಡನೋಡುತ್ತ ಕೈಗಳೇ ಕೈಗಳು. ಕೊನೆಗೆ ಕೆಳಗೆ ಉಳಿದ ಕೈ ಎರಡೇ ಎರಡು; ಅವರು ಆ ಸೋಮವಾರವಷ್ಟೇ ಕೆಲಸಕ್ಕೆ ಸೇರಿದವರು. ಅಕ್ಕ ಎಣಿಸುತ್ತ ಎಣಿಸುತ್ತ ನನ್ನತ್ತ ನೋಡಿದರು. ನನ್ನ ಗಾಳಿಚಕ್ರದ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ನಾನೂ ಕೈ ಎತ್ತಿದೆ.